ಮೂರೂವರೆಗೆ ಕತ್ತಲಾಗುವ ಊರಿಗೆ ಅತ್ತೆಯ ಜೊತೆ

ಅನಗೋಳ

ಖಾನಾಪುರದ ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಭೂಮಿಯ ಅಕ್ಷ ವಾಲಿದೆ, ಅದಕ್ಕೇ ಉತ್ತರಕ್ಕೆ ಹೋದಷ್ಟೂ ಚಳಿಗಾಲದ ಹಗಲು ಗಿಡ್ಡ ಎಂದು ನಿಂಬೆಹಣ್ಣಿಗೆ ಕಡ್ಡಿ ಚುಚ್ಚಿ, ಮೇಣದಬತ್ತಿಯ ಸುತ್ತ ತಿರುಗಿಸಿ ಮಕ್ಕಳಿಗೆ ತೋರಿಸುವವಳು. ಅಂಥ ನಾನು ಜನವರಿಯಲ್ಲಿ ಅತ್ತೆಯನ್ನು ಕರೆದುಕೊಂಡು ಫಿನ್ಲೆಂಡಿನ ಹೆಲ್ಸಿಂಕಿಗೆ ಹೊರಟಾಗ ಈ ಪಾಠವನ್ನೇ ಮರೆತೆ ಎಂದರೆ ನನ್ನ ವಿದ್ಯಾರ್ಥಿಗಳು ಬೇಕಾದಷ್ಟು ನಗಲಿ. ಸ್ವೆಟರು, ಮಂಕಿ ಕ್ಯಾಪು, ಉಣ್ಣೆಯ ಕಾಲುಚೀಲ ಎಲ್ಲ ನೆನಪಾದವು. ಸೂರ್ಯ ಮಾತ್ರ ನೆನಪಾಗಲಿಲ್ಲ.

ನಮ್ಮದು ಜೈನರ ಮನೆ. ಅತ್ತೆ ಲಂಗ ಉಡುವ ವಯಸ್ಸಿನಲ್ಲೇ ಮುನಿಗಳ ಮುಂದೆ ಕೈಮುಗಿದು ಒಂದು ವ್ರತ ಹಿಡಿದವರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಮುಟ್ಟಿಸುವುದಿಲ್ಲ, ನೀರೊಂದನ್ನು ಬಿಟ್ಟು. ಕತ್ತಲಲ್ಲಿ ಉಂಡರೆ ಕಣ್ಣಿಗೆ ಕಾಣದ ಹುಳಹುಪ್ಪಡಿ ಅನ್ನದ ಜೊತೆ ಹೊಟ್ಟೆಗೆ ಹೋದಾವು, ಆ ಹಿಂಸೆ ಬೇಡ ಎಂಬುದು ಅದರ ಹಿಂದಿನ ವಿಚಾರ. ಹೀಗಾಗಿ ಬೆಳಗಾವಿಯ ಅನಗೋಳದ ನಮ್ಮ ಮನೆಯಲ್ಲಿ ಸಂಜೆ ಸೂರ್ಯನಿಗಿಂತ ಮೊದಲು ಒಲೆ ಆರುತ್ತದೆ. ಸಾಲೆ ಬಿಟ್ಟ ಮೇಲೆ ನಾನು ಖಾನಾಪುರದಿಂದ ಬಸ್ಸಿನಲ್ಲಿ ಜೋತಾಡುತ್ತ ಬಂದು, ಚಪ್ಪಲಿ ಬಿಟ್ಟವಳೇ ನೆಟ್ಟಗೆ ಅಡುಗೆಮನೆಗೆ. ರೊಟ್ಟಿ, ಪಲ್ಯ, ಅನ್ನ, ಸಾರು, ಬಡಿಸುವುದು, ಭಾಂಡೆ ತಿಕ್ಕುವುದು, ಕಟ್ಟೆ ಒರೆಸುವುದು. ಅಷ್ಟು ಮುಗಿಯುವಾಗ ಬೀದಿ ದೀಪ ಹತ್ತುತ್ತವೆ. ನಮ್ಮ ಓಣಿಯ ಉಳಿದ ಹೆಂಗಸರು ಆಗ ಸೀರೆ ಬದಲಿಸಿ ಬಜಾರಿಗೆ ಹೊರಡುತ್ತಾರೆ. ನಮ್ಮ ಮನೆಯಲ್ಲಿ ಆಗ ಹಾಸಿಗೆ ಹಾಸುತ್ತೇವೆ.

ನನ್ನ ತವರು ಬೀಡಿ ಎಂಬ ಹಳ್ಳಿ. ಅವರೂ ಜೈನರೇ. ಆದರೆ ನಮ್ಮಪ್ಪ ಹೊಲದಿಂದ ಬರುತ್ತಿದ್ದದ್ದೇ ದೀಪ ಹಚ್ಚಿದ ಮೇಲೆ. ಅವನ ತಾಟಿನ ಬಾಜು ಕೂತು ರಾತ್ರಿ ಉಂಡು ಬೆಳೆದವಳು ನಾನು. ಮದುವೆಯಾಗಿ ಬಂದ ಮೇಲೆ ಯಾರೂ ನನಗೆ ರಾತ್ರಿ ಉಣ್ಣಬೇಡ ಎನ್ನಲಿಲ್ಲ. ಒಲೆ ಆರಿರುತ್ತಿತ್ತು, ಅಷ್ಟೇ. ನಮ್ಮ ಯಜಮಾನರು, ಭರತೇಶ, ಆಟೋ ನಗರದ ತಮ್ಮ ವರ್ಕ್‌ಶಾಪಿನ ಎದುರಿನ ಗಾಡಿಯಲ್ಲಿ ಭಜಿ ಪಾವು ತಿಂದೇ ಬರುತ್ತಾರೆ. ಗಂಡಸರ ವ್ರತಕ್ಕೆ ಹಿತ್ತಿಲ ಬಾಗಿಲು ಯಾವಾಗಲೂ ತೆರೆದಿರುತ್ತದೆ.

ಹೀಗಾಗಿ ನನ್ನಲ್ಲಿ ಒಂದು ಆಸೆ ಉಳಿದುಬಿಟ್ಟಿತ್ತು. ದೀಪ ಹತ್ತಿದ ಮೇಲೆ ಒಂದು ದೊಡ್ಡ ಊರಿನಲ್ಲಿ ಕಾಲು ನೋಯುವಷ್ಟು ತಿರುಗಬೇಕು. ಆಮೇಲೆ ಒಂದು ಹೋಟೆಲಿನಲ್ಲಿ ಕೂತು, ಬೇರೆ ಯಾರೋ ಮಾಡಿದ ಬಿಸಿ ಊಟ ಉಣ್ಣಬೇಕು. ಇದನ್ನು ಬಾಯಿಬಿಟ್ಟು ಹೇಳಿದರೆ ಇದೂ ಒಂದು ಆಸೆಯೇ ಎಂದಾರು ಎಂದು ಯಾರಿಗೂ ಹೇಳಿರಲಿಲ್ಲ.

ವರ್ಕ್‌ಶಾಪಿಗೆ ಹೊಸ ಯಂತ್ರ ತರಿಸುವ ಮಾತು ನಡೆದಿತ್ತು. ಯಂತ್ರ ಮಾಡುವವರು ಹೆಲ್ಸಿಂಕಿಯ ಹತ್ತಿರದವರು. ಬಂದು ನೋಡಿರಿ, ಮನೆಯವರನ್ನೂ ಕರೆತನ್ನಿರಿ ಎಂದು ಅವರು ಕರೆದಾಗ ನನ್ನ ಮನಸ್ಸು ಅಂದೇ ವಿಮಾನ ಹತ್ತಿತು. ಅತ್ತೆ ಹೇಗೂ ಕೊಲ್ಲಾಪುರದ ಮಗಳ ಮನೆಗೆ ಹೋಗುತ್ತಾರೆ ಎಂದು ನನ್ನ ಲೆಕ್ಕ. ಅತ್ತೆ ಕಿಟಕಿಯ ಬಳಿ ಕೂತು ಶೇಂಗಾ ಬಿಡಿಸುತ್ತಿದ್ದವರು ತಲೆ ಎತ್ತದೆ ಹೇಳಿದರು, "ನಾನೂ ಬರತೀನಿ. ಸಾಯೂದರಾಗ ಒಮ್ಮೆ ಬರ್ಫ ಬೀಳೂದು ನೋಡಬೇಕು."

ಅಲ್ಲಿಗೆ ನನ್ನ ರಾತ್ರಿ ಊಟಕ್ಕೆ ಎಳ್ಳುನೀರು ಬಿಟ್ಟಂತಾಯಿತು.

ಇಳಿದ ದಿನ

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ಚೀಲ ತೆರೆಸಿ, ಖಡಕ್ ರೊಟ್ಟಿಯ ಗಂಟನ್ನು ಹೊರಗೆ ತೆಗೆದು ಬೆರಳಿನಿಂದ ಬಡಿದು ನೋಡಿದ. ಮೇಲಿನ ರೊಟ್ಟಿ ಟಕ್ ಎಂದು ಮುರಿಯಿತು. ಅತ್ತೆಯ ಮುಖ ಸಣ್ಣದಾಯಿತು. ಅವನು ಮಾತ್ರ ನಕ್ಕು, ತಮ್ಮ ಅಜ್ಜಿಯೂ ಹೀಗೇ ಗುಂಡಗಿನ ಒಣ ರೊಟ್ಟಿ ಮಾಡುತ್ತಿದ್ದಳು, ನಡುವೆ ತೂತು ಇಟ್ಟು ಕೋಲಿಗೆ ಪೋಣಿಸಿ ಅಟ್ಟಕ್ಕೆ ತೂಗುಹಾಕುತ್ತಿದ್ದಳು ಎಂದು ಇಂಗ್ಲಿಷಿನಲ್ಲಿ ಹೇಳಿದ. ನಾನು ಕನ್ನಡದಲ್ಲಿ ತಿಳಿಸಿದೆ. ಅತ್ತೆಗೆ ಆ ದೇಶ ಆ ಕ್ಷಣಕ್ಕೇ ಸೇರಿತು. ಮುರಿದ ರೊಟ್ಟಿಯ ಅರ್ಧ ಅವನ ಕೈಗೆ ಕೊಟ್ಟೇ ಮುಂದೆ ಹೊರಟರು.

ಹೊರಗೆ ಬಂದರೆ ಊರೆಲ್ಲ ಹಿಮ. ಮರ, ಮಾಳಿಗೆ, ನಿಂತ ಕಾರು, ಕಸದ ಡಬ್ಬಿ, ಒಂದನ್ನೂ ಬಿಡದೆ ಬೆಳ್ಳಗೆ. ನಾನು ಚಿತ್ರಗಳಲ್ಲಿ ನೋಡಿದ್ದೆ, ಆದರೆ ಚಿತ್ರದಲ್ಲಿ ಆ ಮೌನ ಇರುವುದಿಲ್ಲ. ಅಷ್ಟು ದೊಡ್ಡ ರಸ್ತೆಯಲ್ಲಿ ಗಾಡಿಗಳು ಹತ್ತಿಯ ಮೇಲೆ ಹೋದ ಹಾಗೆ ಹೋಗುತ್ತಿದ್ದವು. ಹಾರ್ನ್ ಇಲ್ಲ. ಅತ್ತೆ ಕೈಗವಸು ತೆಗೆದು ಒಂದು ಹಿಡಿ ಹಿಮ ಎತ್ತಿ, ಕರಗುವವರೆಗೂ ಅಂಗೈಯನ್ನೇ ನೋಡುತ್ತ ನಿಂತರು. ಕೈ ಕೆಂಪಾಗುತ್ತದೆ ಎಂದು ನಾನು ಗದರಿದರೂ ಅವರಿಗೆ ಕೇಳಿಸಲಿಲ್ಲ.

ಯಂತ್ರದ ಕಾರ್ಖಾನೆಯವರು ನಮಗೆ ಅಡುಗೆಮನೆಯಿದ್ದ ಒಂದು ಸಣ್ಣ ಮನೆ ಕೊಟ್ಟಿದ್ದರು. ಅತ್ತೆ ಸ್ನಾನ ಮಾಡದೆ ಉಣ್ಣುವವರಲ್ಲ. ಅವರ ಸ್ನಾನ, ಜಪ, ನನ್ನ ಅನ್ನ, ತೊವ್ವೆ, ಎಲ್ಲ ಮುಗಿದು ಅವರು ತಾಟಿನ ಮುಂದೆ ಕೂತಾಗ ಗಡಿಯಾರದಲ್ಲಿ ಮೂರು ದಾಟಿತ್ತು ಅಷ್ಟೇ. ತುತ್ತು ಕಲಸಿದವರು ಕಿಟಕಿಯ ಕಡೆ ನೋಡಿದರು.

"ತ್ರಿಶಲಾ, ಮಳಿ ಬರೂ ಹಂಗೈತೇನ? ಯಾಕ ಹಿಂಗ ಮಬ್ಬಾತು?"

ಆಗ ನನಗೆ ನಿಂಬೆಹಣ್ಣು, ಕಡ್ಡಿ, ಮೇಣದಬತ್ತಿ ಎಲ್ಲ ಒಟ್ಟಿಗೇ ನೆನಪಾದವು. ಕಿಟಕಿಗೆ ಹೋಗಿ ನೋಡಿದೆ. ಎದುರಿನ ಮಾಳಿಗೆಯ ಅಂಚಿನಲ್ಲಿ ಸೂರ್ಯನ ಕಡೆಯ ಕೆಂಪು ಇಳಿಯುತ್ತಿತ್ತು.

"ಅತ್ತೀ, ಹೊತ್ತ ಮುಳಗಾಕತ್ತೈತ್ರಿ."

ಅವರು ಕಲಸಿದ ತುತ್ತನ್ನು ಹಾಗೇ ಇಟ್ಟು ಕೈತೊಳೆದರು. ವಿಮಾನದಲ್ಲೂ ಸರಿಯಾಗಿ ಏನೂ ತಿಂದಿರಲಿಲ್ಲ. ಮರುದಿನ ಸೂರ್ಯ ಕಾಣುವುದು ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ಎಂದು ಮೊಬೈಲು ನೋಡಿ ಹೇಳಿದೆ. ಐದು ದಿನವೂ ಹೀಗೇ ಎಂದರೆ ಈ ವಯಸ್ಸಿನಲ್ಲಿ, ಈ ಚಳಿಯಲ್ಲಿ ಇವರ ಗತಿಯೇನು? ಭರತೇಶ ಅವ್ವನನ್ನು ರಮಿಸಲು ನೋಡಿದರು. ಬೆಳಗಾವಿಯ ಗಡಿಯಾರ ಹಿಡಿದು ಉಂಡುಬಿಡು ಎಂದರು. ನಾನು ಲೆಕ್ಕ ಹಾಕಿ, ಬೆಳಗಾವಿಯಲ್ಲಿ ಹೊತ್ತು ಮುಳುಗಿ ಆಗಲೇ ಅರ್ಧ ತಾಸಾಯಿತು ಎಂದು ಹೇಳಬೇಕಾಯಿತು. ಆ ದಾರಿ ಮುಚ್ಚಿತು. ಆಮೇಲೆ ಅವರು ಹುಳದ ಮಾತು ತೆಗೆದರು. ಇಂಥ ಕೊರೆತದಲ್ಲಿ ಒಂದು ಸೊಳ್ಳೆಯಾದರೂ ಬದುಕಿದೆಯೇ, ಇಷ್ಟು ದೀಪವಿದೆ, ಹಿಂಸೆ ಎಲ್ಲಿಂದ ಬಂತು ಎಂದು ವಕೀಲರ ಹಾಗೆ ವಾದಿಸಿದರು.

ಅತ್ತೆ ಸಮಾಧಾನವಾಗಿ ಕೇಳಿಸಿಕೊಂಡರು. "ಹುಳ ಇಲ್ಲ ಖರೇ. ವ್ರತ ಹಿಡದಾಕಿ ನಾ ಅದೀನಲ್ಲ," ಎಂದು ಹೇಳಿ ಹೊದ್ದುಕೊಂಡು ಮಲಗಿದರು.

ಅವರ ತಾಟನ್ನು ಎತ್ತಿಟ್ಟೆ. ನಾನೂ ಉಣ್ಣಲಿಲ್ಲ. ಉಣ್ಣಬಾರದೆಂದಲ್ಲ, ರೂಢಿ.

ನಾಲ್ಕು ಗಂಟೆಯ ರಾತ್ರಿ

ಮರುದಿನ ಹೊತ್ತು ಮೂಡಿದ ಕೂಡಲೇ ಒಂದು ಊಟ, ಮುಳುಗುವ ಮೊದಲು ಇನ್ನೊಂದು, ಎಂದು ಹೊಂದಿಸಿದೆ. ಅಂಗಡಿಗೆ ಹೋದರೆ ಈ ದೇಶದ ಚಳಿಗಾಲದ ತರಕಾರಿಯೆಲ್ಲ ನೆಲದೊಳಗಿನದೇ. ಆಲೂಗಡ್ಡೆ, ಗಜ್ಜರಿ, ಬೀಟ್‌ರೂಟು, ಹೆಸರೇ ತಿಳಿಯದ ಇನ್ನೆರಡು ಗಡ್ಡೆ. ನೆಲ ಅಗೆದರೆ ಜೀವಹಿಂಸೆ ಎಂದು ಅತ್ತೆ ಗಡ್ಡೆ ಮುಟ್ಟುವುದಿಲ್ಲ. ಕಡೆಗೆ ಒಂದು ಎಲೆಕೋಸು ಸಿಕ್ಕಿತು. ಅದನ್ನು ಎತ್ತಿಕೊಂಡಾಗ ನಮ್ಮ ಬಳಗದವರೇ ಸಿಕ್ಕಷ್ಟು ಖುಷಿಯಾಯಿತು.

ಅನಗೋಳದಿಂದ ಬಾಜು ಮನೆಯ ಹಮೀದಾ ಖಾಲಾ ವಿಡಿಯೋ ಕಾಲ್ ಮಾಡಿದರು. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ರಂಜಾನಿನಲ್ಲಿ ಸೂರ್ಯ ಮುಳುಗಿದಾಗ ಅವರ ಮನೆಯಲ್ಲಿ ಊಟ ಶುರುವಾದರೆ ನಮ್ಮ ಮನೆಯಲ್ಲಿ ಮುಗಿದಿರುತ್ತದೆ. ಅತ್ತೆಯ ಸಂಕಟ ಕೇಳಿ ಅವರು ಬಿದ್ದು ಬಿದ್ದು ನಕ್ಕರು. ಅಲ್ಲಿ ರೋಜಾ ಉಪವಾಸ ಇಟ್ಟರೆ ನಾಷ್ಟಾ ಮುಗಿಯುವುದರೊಳಗೆ ಇಫ್ತಾರ್ ಬರುತ್ತದಲ್ಲ, ಮುಂದಿನ ರಂಜಾನಿಗೆ ನನ್ನನ್ನು ಕರೆದುಕೊಂಡು ಹೋಗಿರಿ ಎಂದರು. ಅತ್ತೆಗೂ ನಗು ಬಂತು. ದೇವರು ಇಬ್ಬರಿಗೂ ಒಂದೇ ಸೂರ್ಯನನ್ನು ಕೊಟ್ಟು ಮೋಜು ನೋಡುತ್ತಾನೆ ಎಂದು ಅವರಿಬ್ಬರೂ ಬಹಳ ಹೊತ್ತು ಮಾತಾಡಿಕೊಂಡರು.

ಮೂರೂವರೆಗೆ ಕತ್ತಲು ಬಿತ್ತು. ಊಟ ಆಯಿತು, ಭಾಂಡೆ ಆಯಿತು, ಜಪವೂ ಆಯಿತು. ಭರತೇಶ ಕಾರ್ಖಾನೆಗೆ ಹೋಗಿದ್ದರು. ಇನ್ನು ಮಲಗುವುದೇ ಎಂದು ನಾನು ಹಾಸಿಗೆ ಕೊಡವುತ್ತಿದ್ದೆ. ಅತ್ತೆ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

"ನಾಕ ಗಂಟೇಕ ಯಾರರ ಮಲಗತಾರೇನ? ನಡಿ, ತಿರಗ್ಯಾಡಿ ಬರೂಣು."

ನನ್ನ ಅತ್ತೆ, ಕತ್ತಲಲ್ಲಿ, ತಿರುಗಾಡಲು ನನ್ನನ್ನು ಕರೆಯುತ್ತಿದ್ದರು. ನಾನು ಮತ್ತೊಮ್ಮೆ ಕೇಳಲಿಲ್ಲ, ಎಲ್ಲಿ ಮನಸ್ಸು ಬದಲಿಸಿಬಿಡುತ್ತಾರೋ ಎಂದು.

ಹೊರಗೆ ಬಂದಾಗ ಆಕಾಶ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ನೆಲದ ಹಿಮವೆಲ್ಲ ನೀಲಿ ಬಣ್ಣಕ್ಕೆ ತಿರುಗಿತ್ತು. ಆ ನೀಲಿಯ ಮೇಲೆ ಸಾವಿರ ಕಿಟಕಿಗಳ ಹಳದಿ ಬೆಳಕು. ಪ್ರತಿ ಕಿಟಕಿಯಲ್ಲೂ ಒಂದು ದೀಪ ಅಥವಾ ಕಾಗದದ ಒಂದು ನಕ್ಷತ್ರ. ಯಾರಿಗಾಗಿ ಇಟ್ಟಿದ್ದಾರೆ ಎಂದು ಕೇಳಿದರೆ, ದಾರಿಯಲ್ಲಿ ಹೋಗುವವರಿಗಂತೆ. ಹಗಲು ಇಲ್ಲದ ಊರು ಬೆಳಕನ್ನು ಹೀಗೆ ಹಂಚಿಕೊಳ್ಳುತ್ತದೆ ಎಂದು ತಿಳಿದ ಮೇಲೆ ಒಂದೊಂದೇ ಕಿಟಕಿ ನೋಡುತ್ತ ನಡೆದೆ. ಜನರ ಕೋಟಿನ ಜೇಬಿನಿಂದ ಪುಟ್ಟದೊಂದು ಬಿಲ್ಲೆ ದಾರದಲ್ಲಿ ತೂಗಾಡುತ್ತಿತ್ತು. ಗಾಡಿಯ ಬೆಳಕು ಬಿದ್ದಾಗ ಅದು ಮಿನುಗಿ, ಇಲ್ಲೊಬ್ಬ ಮನುಷ್ಯನಿದ್ದಾನೆ ಎಂದು ಡ್ರೈವರನಿಗೆ ಹೇಳುತ್ತದೆ. ಅತ್ತೆ ತಮಗೊಂದು ನನಗೊಂದು ಕೊಂಡರು. ಮುದುಕರು, ಮಕ್ಕಳು, ನಾಯಿಗಳು ಎಲ್ಲರೂ ಹೀಗೆ ಮಿನುಗುತ್ತ ತಿರುಗುತ್ತಿದ್ದರು. ಒಂದು ಚಹಾದಂಗಡಿಯ ಹೊರಗೆ, ಮೈ ಕೊರೆಯುವ ಚಳಿಯಲ್ಲಿ, ಕೂಸಿನ ಗಾಡಿಯೊಂದು ನಿಂತಿತ್ತು. ಒಳಗೆ ಕೂಸು ಗಡದ್ದಾಗಿ ನಿದ್ದೆ ಮಾಡುತ್ತಿತ್ತು, ತಾಯಿ ಗಾಜಿನಾಚೆ ಕಾಫಿ ಕುಡಿಯುತ್ತಿದ್ದಳು. ನಮ್ಮಲ್ಲಿ ಕೂಸಿನ ಕಿವಿಗೆ ಗಾಳಿ ಸೋಕಿದರೆ ಮನೆಯಲ್ಲಿ ಪಂಚಾಯ್ತಿ ಕೂಡುತ್ತದೆ. ಅತ್ತೆ ಅಲ್ಲಿಂದ ಕದಲಲೇ ಒಪ್ಪಲಿಲ್ಲ. ತಾಯಿ ಹೊರಗೆ ಬಂದು ಕೂಸನ್ನು ಎತ್ತಿಕೊಳ್ಳುವವರೆಗೂ ಕಾವಲು ನಿಂತರು.

ಟ್ರಾಮಿನಲ್ಲಿ ಇಲ್ಲಿಯವರು ಒಬ್ಬರ ಬಾಜು ಇನ್ನೊಬ್ಬರು ಕೂರುವುದಿಲ್ಲ. ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಾರೆ. ಅತ್ತೆಗೆ ಅದೆಲ್ಲ ಗೊತ್ತಾಗಬೇಕಲ್ಲ! ಒಬ್ಬ ಅಜ್ಜನ ಪಕ್ಕ ಕೂತು, ಎಲ್ಲಿಗೆ ಹೊರಟಿರಿ, ಮಕ್ಕಳೆಷ್ಟು ಎಂದು ಕನ್ನಡದಲ್ಲಿ ವಿಚಾರಿಸಿದರು. ಅಜ್ಜ ಮೊದಲು ಬೆಚ್ಚಿದ, ಆಮೇಲೆ ತನ್ನ ಭಾಷೆಯಲ್ಲಿ ಏನೋ ಹೇಳಿದ. ಇಬ್ಬರೂ ತಮ್ಮ ತಮ್ಮ ಮಾತಾಡಿಕೊಂಡು ನಾಲ್ಕು ಸ್ಟಾಪು ಹೋದರು. ಇಳಿಯುವಾಗ ಅವನು ಟೊಪ್ಪಿಗೆ ತೆಗೆದು ತಲೆಬಾಗಿದ. ಪಾಪ, ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ ಅಂತ ಕಾಣಿಸುತ್ತದೆ ಎಂದು ಅತ್ತೆ ನನಗೆ ವರದಿ ಒಪ್ಪಿಸಿದರು.

ಮಂಜುಗಡ್ಡೆಯ ಅಂಗಳ

ರೈಲು ನಿಲ್ದಾಣದ ಎದುರಿನ ಚೌಕಕ್ಕೆ ನೀರು ಹಾಯಿಸಿ ಗಡ್ಡೆಗಟ್ಟಿಸಿ, ಸುತ್ತ ದೀಪ ಕಟ್ಟಿ ಸ್ಕೇಟಿಂಗಿಗೆ ಬಿಟ್ಟಿದ್ದರು. ಬೂಟಿನ ಅಡಿಗೆ ಅಲಗು ಕಟ್ಟಿಕೊಂಡ ಜನ ಹಾಡಿನ ತಾಳಕ್ಕೆ ಸುತ್ತು ಹಾಕುತ್ತಿದ್ದರು. ಆಫೀಸು ಬಿಟ್ಟು ಬಂದವರು ಕೈಚೀಲವನ್ನು ಬೆಂಚಿನ ಮೇಲೆ ಇಟ್ಟು ನೆಟ್ಟಗೆ ಮಂಜುಗಡ್ಡೆಗೆ ಇಳಿಯುತ್ತಿದ್ದರು. ಆ ಚೀಲಗಳನ್ನು ಯಾರೂ ಮುಟ್ಟಲಿಲ್ಲ. ಅಷ್ಟು ಚಳಿಯಲ್ಲಿ ಒಳಗೆ ಅವಿತು ಕೂರಬೇಕಾದ ಜನ ಹೀಗೆ ಜಾತ್ರೆ ಮಾಡುತ್ತಿದ್ದರು. ಬೆಳಗಾವಿಯಲ್ಲಿ ಸ್ವಲ್ಪ ಥಂಡಿ ಬಿದ್ದರೆ ನಾವು ಕಿವಿಗೆ ಮಫ್ಲರ್ ಸುತ್ತಿ, ಏನು ಚಳಿಯಪ್ಪಾ ಎಂದು ಬೆಳಿಗ್ಗೆ ಹತ್ತರವರೆಗೂ ಮುಲುಗುತ್ತೇವೆ.

ನೀನೂ ಹೋಗು ಎಂದು ಅತ್ತೆ ನನ್ನನ್ನು ದೂಡಿದರು. ಕಲಿಯುವ ಮಕ್ಕಳು ಹಿಡಿದುಕೊಳ್ಳಲೆಂದು ಪ್ಲಾಸ್ಟಿಕಿನ ಪೆಂಗ್ವಿನ್ ಕೊಡುತ್ತಾರೆ. ಅದನ್ನು ಅಪ್ಪಿ ಹಿಡಿದು ಸೊಂಟ ಬಗ್ಗಿಸಿ ಎರಡು ಹೆಜ್ಜೆ ಇಟ್ಟೆ. ಪೆಂಗ್ವಿನ್ ಮುಂದೆ ಹೋಯಿತು, ಕಾಲು ಹಿಂದೆ ಉಳಿದವು, ನಾನು ನಡುವೆ ಅಂಗಾತ ಬಿದ್ದೆ. ನನ್ನ ಸೊಂಟದಷ್ಟೂ ಎತ್ತರವಿಲ್ಲದ ಒಂದು ಹುಡುಗಿ ಬಂದು, ಗಂಭೀರವಾಗಿ ನನ್ನನ್ನು ಎಬ್ಬಿಸಿ, ಮತ್ತೆ ಪೆಂಗ್ವಿನ್ ಹಿಡಿಸಿ ಹೋದಳು. ಅತ್ತೆ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಅವರು ಹೀಗೆ ನಕ್ಕದ್ದನ್ನು ನಾನು ಅನಗೋಳದಲ್ಲಿ ಕಂಡಿರಲಿಲ್ಲ. ಅವರ ನಗು ನೋಡುವುದಕ್ಕೇ ಇನ್ನೊಮ್ಮೆ ಬಿದ್ದರೂ ಚಿಂತೆಯಿಲ್ಲ ಎನಿಸಿತು, ಬಿದ್ದೆ ಕೂಡ.

ಸಮುದ್ರದ ದಂಡೆ

ಮೂರನೆಯ ದಿನ ಮಬ್ಬುಗತ್ತಲಲ್ಲಿ ಸಮುದ್ರಕ್ಕೆ ಹೋದೆವು. ದಂಡೆಯ ಹತ್ತಿರ ಸಮುದ್ರವೇ ಹೆಪ್ಪುಗಟ್ಟಿತ್ತು. ಗೋವೆಯ ಸಮುದ್ರ ನೋಡಿದವಳು ನಾನು, ಅಲೆಯಿಲ್ಲದ ಸಮುದ್ರ ನೋಡಿರಲಿಲ್ಲ. ಮಂಜುಗಡ್ಡೆಯನ್ನು ಕೊರೆದು ಮಾಡಿದ ಕರಿಯ ನೀರಿನ ಒಂದು ಹೊಂಡಕ್ಕೆ ಕಟ್ಟಿಗೆಯ ಮೆಟ್ಟಿಲು ಇಳಿಸಿದ್ದರು. ಬಾಜುವಿನ ಬಿಸಿ ಆವಿಯ ಸ್ನಾನದ ಕೋಣೆಯಿಂದ ಹೊಗೆಯಾಡುವ ಮೈಯಲ್ಲಿ ಅಜ್ಜಿಯರು ಬರಿಗಾಲಲ್ಲಿ ನಡೆದು ಬಂದು, ಆ ಹೊಂಡಕ್ಕೆ ಇಳಿದು ಕುತ್ತಿಗೆಯವರೆಗೆ ಮುಳುಗಿ, ಮುಖ ಸಿಂಡರಿಸದೆ ಮೇಲೆ ಬರುತ್ತಿದ್ದರು. ಕೆಲವರು ಅತ್ತೆಗಿಂತಲೂ ವಯಸ್ಸಾದವರು. ದಿನಾ ಬರುತ್ತಾರಂತೆ. ನನಗೆ ನೋಡಿಯೇ ಹಲ್ಲು ಕಟಕಟಿಸಿತು.

ಅತ್ತೆ ಮಾತ್ರ ಕಣ್ಣು ಕೀಲಿಸಿ ನೋಡುತ್ತಿದ್ದರು. "ಇವರೂ ಏನೋ ಹಿಡದಾರ, ತ್ರಿಶಲಾ. ಹಿಡದದ್ದ ಬಿಡವಲ್ಲರು," ಎಂದರು. ಒಬ್ಬ ಅಜ್ಜಿ ಮೇಲೆ ಬರುವಾಗ ಅತ್ತೆ ಕೈಮುಗಿದರು. ಆ ಅಜ್ಜಿ ನೀರು ತೊಟ್ಟಿಕ್ಕುವ ಕೈಯಿಂದಲೇ ತಾನೂ ಮುಗಿದಳು.

ಗಾಜಿನ ಗೋಡೆ

ಇಷ್ಟೆಲ್ಲ ಹಿಗ್ಗಿನ ನಡುವೆ ಒಂದು ಸಂಕಟ ನನ್ನನ್ನು ಬಿಡಲಿಲ್ಲ. ಹಸಿವು. ಅನಗೋಳದಲ್ಲಿ ಉಂಡು ಮಲಗಿದರೆ ಹಸಿವೆಯೂ ಮಲಗುತ್ತದೆ. ಇಲ್ಲಿ ಮೂರಕ್ಕೆ ಉಂಡು ಹಿಮದಲ್ಲಿ ಕಾಲು ಕಿತ್ತಿಟ್ಟು ನಡೆದರೆ ಆರು ಗಂಟೆಗೆ ಹೊಟ್ಟೆಯಲ್ಲಿ ಬೆಂಕಿ. ಎಲ್ಲ ಕಡೆ ಜನ ಗಾಜಿನ ಹಿಂದೆ ಕೂತು ಹೊಗೆಯಾಡುವ ಬಟ್ಟಲುಗಳಿಂದ ಉಣ್ಣುತ್ತಿದ್ದರು. ಸಾಲದ್ದಕ್ಕೆ ಇಲ್ಲಿಯ ಬೇಕರಿಗಳಲ್ಲಿ ಏಲಕ್ಕಿ ಹಾಕಿ ಬನ್ನು ಸುಡುತ್ತಾರೆ. ಭೂಮಿಯ ಆ ತುದಿಯಲ್ಲಿ, ಹಿಮದ ನಡುವೆ, ಹೋಳಿಗೆಯ ಹೂರಣದ ವಾಸನೆ ಬಂದರೆ ಯಾವ ಹೆಂಗಸಿನ ಮನಸ್ಸು ನಿಂತೀತು? ಅತ್ತೆಗೆ ಏನೂ ಆಗುತ್ತಿರಲಿಲ್ಲ. ಬಿಸಿನೀರು ಕುಡಿದು ಚಿಗರಿಯ ಹಾಗೆ ನಡೆಯುತ್ತಿದ್ದರು.

ನಾಲ್ಕನೆಯ ಸಂಜೆ ಟ್ರಾಮಿಗೆ ಕಾಯುವಾಗ, ಕೈಗವಸು ಬಿದ್ದಿದೆ, ನೋಡಿ ಬರುತ್ತೇನೆ ಎಂದು ಅತ್ತೆಯನ್ನು ಸ್ಟಾಪಿನ ಬೆಂಚಿನ ಮೇಲೆ ಕೂರಿಸಿ ಬೇಕರಿಗೆ ಓಡಿದೆ. ತತ್ತಿ ಹಾಕದ್ದು ಯಾವುದು ಎಂದು ಕೇಳಿ ಒಂದು ಬನ್ನು ಕೊಂಡೆ. ಸ್ಟಾಪಿನ ಹಿಂದಿನ ಗೋಡೆಯ ಮರೆಗೆ ನಿಂತು ಗಬಗಬ ತಿನ್ನತೊಡಗಿದೆ. ಬಿಸಿ, ಸಿಹಿ, ಏಲಕ್ಕಿ. ಹಿಮ ಬೀಳುತ್ತಿತ್ತು, ಬನ್ನಿನ ಮೇಲೂ ಬಿತ್ತು, ಅದನ್ನೂ ಸೇರಿಸಿ ತಿಂದೆ.

ನಮ್ಮ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಗೋಡೆ ಎಂದರೆ ಗೋಡೆ. ಇಲ್ಲಿಯದು ಗಾಜು. ಮಂಜು ಕಟ್ಟಿ ಬೆಳ್ಳಗಾಗಿದ್ದರಿಂದ ನನಗೆ ತಿಳಿಯಲಿಲ್ಲ. ನಾನು ಬಂದೆನೇನೋ ಎಂದು ನೋಡಲು ಅತ್ತೆ ಒಳಗಿನಿಂದ ಕೈಯಲ್ಲಿ ಗಾಜು ಒರೆಸಿದರು. ಒರೆಸಿದ ಜಾಗದಲ್ಲಿ ಮೊದಲು ಅವರ ಬೆರಳು ಕಂಡವು, ಆಮೇಲೆ ಕನ್ನಡಕ. ಗಾಜಿನ ಈಚೆ ನಾನು, ಬಾಯಿ ತುಂಬ ಬನ್ನು.

ಇಬ್ಬರೂ ಹಾಗೇ ನಿಂತೆವು. ನನಗೆ ನಾಚಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ. ಎದುರು ಮನೆಯ ಬೆಕ್ಕೂ ಇಷ್ಟು ಕದ್ದು ತಿನ್ನುವುದಿಲ್ಲ. ಸಂಬಳ ತರುವ ಹೆಂಗಸು, ಮಕ್ಕಳಿಗೆ ಪಾಠ ಹೇಳುವವಳು, ಪರದೇಶದ ಬೀದಿಯಲ್ಲಿ ಗೋಡೆ ಹಿಂದೆ ನಿಂತು ಒಂದು ಬನ್ನು ತಿನ್ನಬೇಕೇ?

ಟ್ರಾಮಿನಲ್ಲಿ ಅತ್ತೆ ಮಾತಾಡಲಿಲ್ಲ. ಪಕ್ಕದವರನ್ನೂ ಮಾತಾಡಿಸಲಿಲ್ಲ. ಮನೆಗೆ ಬಂದು ಜಪಕ್ಕೆ ಕೂತವರು ಬಹಳ ಹೊತ್ತು ಏಳಲಿಲ್ಲ. ವ್ರತದ ಮನೆಯ ಸೊಸೆ ಕದ್ದು ತಿಂದಳು ಎಂಬ ಮಾತು ಊರಿಗೆ ಹೋದ ಮೇಲೆ ಕೊಲ್ಲಾಪುರದವರೆಗೂ ಮುಟ್ಟುತ್ತದೆ ಎಂದು ನಾನು ಮನಸ್ಸಿನಲ್ಲೇ ಸಿದ್ಧಳಾದೆ. ಅಷ್ಟಾದರೂ, ಇನ್ನೊಂದು ಬನ್ನು ತಂದಿದ್ದರೆ ಚೆನ್ನಾಗಿತ್ತು ಎಂದು ಹೊಟ್ಟೆ ತನ್ನ ಪಾಡಿಗೆ ತಾನು ಹೇಳುತ್ತಿತ್ತು.

ಗಾನಮಂದಿರ

ಕೊನೆಯ ಸಂಜೆಗೆ ಕಾರ್ಖಾನೆಯವರು ದೊಡ್ಡ ವಾದ್ಯಮೇಳದ ಟಿಕೆಟು ಕೊಟ್ಟಿದ್ದರು. ಅತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಇಳಕಲ್ ಸೀರೆ ಉಟ್ಟು ನಿಂತರು. ನನ್ನ ಜೊತೆ ಮಾತು ಮಾತ್ರ ಇನ್ನೂ ಹ್ಞೂಂ, ಊಹೂಂ ಅಷ್ಟೇ.

ಅಲ್ಲಿ ಒಳಗೆ ಹೋದ ಕೂಡಲೇ ಎಲ್ಲರೂ ತಮ್ಮ ದಪ್ಪ ಕೋಟುಗಳನ್ನು ಕೌಂಟರಿನಲ್ಲಿ ಒಪ್ಪಿಸಿ ಚೀಟಿ ತೆಗೆದುಕೊಳ್ಳುತ್ತಾರೆ, ನಾವು ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟ ಹಾಗೆ. ಕೋಟಿನೊಳಗಿಂದ ಬೇರೆಯೇ ಜನ ಹೊರಬಂದರು. ದಾರಿಯಲ್ಲಿ ಕರಡಿಗಳಂತೆ ಕಂಡವರೆಲ್ಲ ರೇಷ್ಮೆ ಅಂಗಿ, ಮುತ್ತಿನ ಸರ ಹಾಕಿದ್ದರು. ವೇದಿಕೆಯ ತುಂಬ ವಾದ್ಯದವರು. ಅಷ್ಟೂ ಪಿಟೀಲುಗಳ ಕೋಲು ಒಟ್ಟಿಗೆ ಎದ್ದು ಒಟ್ಟಿಗೆ ಇಳಿದಾಗ ಗಾಳಿಗೆ ಜೋಳದ ಹೊಲ ಬಾಗಿದಂತೆ ಕಂಡಿತು. ನನಗೆ ಆ ಸಂಗೀತದ ತಲೆಬುಡ ತಿಳಿಯದು. ಆದರೂ ಒಂದು ಕಡೆ ಎಲ್ಲ ವಾದ್ಯ ಸುಮ್ಮನಾಗಿ ಒಂದೇ ಒಂದು ಕೊಳಲು ಉಳಿದಾಗ ನನ್ನ ಕೈಮೇಲಿನ ಕೂದಲು ನಿಂತವು. ಸಭೆಯಲ್ಲಿ ಉಸಿರಿನ ಸದ್ದೂ ಇಲ್ಲ. ಆ ಮೌನದಲ್ಲಿ ಅತ್ತೆ ತೊಡೆ ತಟ್ಟಿ, ಬೆಳಗಾವಿಯ ಸಂಗೀತದ ಬೈಠಕ್ಕಿನಲ್ಲಿ ಕೂತ ಹಾಗೆ, "ವಾಹ್" ಎಂದುಬಿಟ್ಟರು.

ಮುಂದಿನ ಸಾಲು ಪೂರ್ತಿ ತಿರುಗಿತು. ಭರತೇಶ ಕುರ್ಚಿಯಲ್ಲಿ ಇಳಿದು ಇಳಿದು ಅರ್ಧವಾದರು. ವಿರಾಮದಲ್ಲಿ ಮುಂದಿನ ಸಾಲಿನ ಒಬ್ಬ ಮುದುಕಿ ಎದ್ದು ಬಂದು ಅತ್ತೆಯ ಕೈ ಹಿಡಿದು, ತನಗೂ ಅದೇ ಜಾಗದಲ್ಲಿ ಹಾಗೆ ಎನ್ನಬೇಕು ಅನಿಸಿತ್ತು, ಧೈರ್ಯ ಬರಲಿಲ್ಲ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅನಿಸಿದ್ದನ್ನು ನುಂಗಿಕೊಂಡು ಕೂರುವುದು ಒಳ್ಳೆಯದಲ್ಲ ಎಂದು ಆಕೆಗೆ ಹೇಳು ಎಂದರು ಅತ್ತೆ. ಹೇಳುವಾಗ ಆಕೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ದೀಪದ ಹೋಟೆಲು

ಹೊರಗೆ ಬಂದಾಗ ಹಿಮ ನಿಂತಿತ್ತು. ಮನೆಯ ಕಡೆ ತಿರುಗಿದ ಮಗನ ತೋಳು ಹಿಡಿದು ಅತ್ತೆ ಎದುರಿನ ಮೂಲೆಯ ಕಡೆ ಕೈ ಮಾಡಿದರು. ಮೇಜಿಗೊಂದು ಮೇಣದಬತ್ತಿ ಹಚ್ಚಿದ ಸಣ್ಣ ಹೋಟೆಲು. ಅಲ್ಲಿ ಕೂಡೋಣ ಎಂದರು. ಭರತೇಶ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಕಿಟಕಿಯ ಬಳಿಯ ಮೇಜಿಗೆ ಅತ್ತೆಯೇ ಮುಂದಾಗಿ ಹೋದರು. ನನ್ನನ್ನು ಎದುರಿಗೆ ಕೂರಿಸಿದರು. ಬಿಸಿಯಾಗಿ ಏನಿದೆ, ಗಡ್ಡೆ ತತ್ತಿ ಮಾಂಸ ಇಲ್ಲದ್ದು ಏನಿದೆ ಎಂದು ಮಗನಿಂದ ಕೇಳಿಸಿದರು. ಟೊಮೆಟೊ ಸಾರು, ಕರಿಯ ಬ್ರೆಡ್ಡು, ಕಾಡುಹಣ್ಣಿನ ಸಿಹಿ ಇತ್ತು. ಅದೆಲ್ಲ ನನ್ನೊಬ್ಬಳ ಮುಂದೆ ಬಂತು. ತಮ್ಮ ಮುಂದೆ ಬಿಸಿನೀರಿನ ಲೋಟ ಇಟ್ಟುಕೊಂಡು ಅತ್ತೆ ಕೇಳಿದರು.

"ನೀ ಯಾವಾಗ ವ್ರತ ಹಿಡದಿ?"

"ಹಿಡದಿಲ್ರೀ ಅತ್ತಿ."

"ಮತ್ತ ಇಷ್ಟ ವರ್ಷ ರಾತ್ರಿ ಯಾಕ ಉಣಲಿಲ್ಲ?"

ನಾನು ಸುಳ್ಳು ಹೇಳಬಹುದಿತ್ತು. "ಒಲಿ ಆರಿರತಿತ್ತಲ್ರೀ," ಎಂದೆ.

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ನಿನ್ನೆಯ ಗಾಜಿನಾಚೆಯ ಮುಖವೇ ಇದು, ಆದರೆ ನಾನು ಅಂದುಕೊಂಡ ಸಿಟ್ಟು ಅದರಲ್ಲಿ ಇರಲಿಲ್ಲ. ಅವರಿಗೆ ನೋವಾಗಿತ್ತು.

"ನನಗ ಮುನಿಗಳು ಕೇಳಿದ್ರು. ಆಗತೈತೇನವಾ ಮಗಳ, ಅಂತ ಮೂರ ಸಲ ಕೇಳಿದ್ರು. ಆಗತೈತ್ರಿ ಅಂದ ಮ್ಯಾಲ ಕೊಟ್ರು. ನಿನಗ ಯಾರೂ ಕೇಳಲೇ ಇಲ್ಲ. ನಾನೂ ಕೇಳಲಿಲ್ಲ. ಕೇಳದ ಊಟ ಬಿಡಿಸಿದ್ದು ವ್ರತ ಅಲ್ಲ, ಹಸಿವಿಲೆ ಕೆಡವಿದ್ದು."

ಚಮಚ ಎತ್ತಿದೆ, ಇಳಿಸಿದೆ. ನೀವು ಬರಿಯ ನೀರು ಕುಡಿಯುತ್ತ ನೋಡುತ್ತ ಕೂತರೆ ನನಗೆ ಹೇಗೆ ಇಳಿಯಬೇಕು ಎಂದು ಕೇಳಿದೆ.

"ಇಷ್ಟ ವರ್ಷ ನೀ ಬಡಿಸಿ, ನಾ ಉಣ್ಣೂದ ನೋಡ್ಕೊಂತ ನಿಂತಿ. ಇವತ್ತ ಒಂದಿನ ನಾ ನೋಡತೀನಿ. ಉಣ್ಣು."

ಭರತೇಶ ಮೆಲ್ಲಗೆ ಬ್ರೆಡ್ಡಿನ ಕಡೆ ಕೈ ಚಾಚಿದರು. ಮೊದಲು ಆಕೆ ಉಣ್ಣಲಿ ಎಂದು ಅತ್ತೆ ಆ ಕೈಗೆ ಪಟ್ಟನೆ ಹೊಡೆದರು. ನಾನು ಅಳುತ್ತ ನಗುತ್ತ ಸಾರು ಬಾಯಿಗಿಟ್ಟೆ. ನಾಲಿಗೆ ಸುಟ್ಟಿತು. ಉಪ್ಪು ಕಡಿಮೆ, ಖಾರ ಇಲ್ಲವೇ ಇಲ್ಲ, ಆದರೂ ಅಂಥ ರುಚಿ ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕಿಟಕಿಯಾಚೆ ಟ್ರಾಮು ಹೋಯಿತು, ಮಿನುಗುತ್ತ ಜನ ಹೋದರು, ಆ ದೊಡ್ಡ ಊರು ತನ್ನಷ್ಟೂ ದೀಪ ಹಚ್ಚಿಕೊಂಡು ನಿಂತಿತ್ತು. ಅತ್ತೆ ಕದಲದೆ ನನ್ನನ್ನೇ ನೋಡುತ್ತ ಕೂತಿದ್ದರು. ಬಟ್ಟಲು ಖಾಲಿಯಾದ ಮೇಲೆ, ಇನ್ನೊಂದು ಬಟ್ಟಲು ಬೇಕು ಎಂದು ನಾನೇ ಬಾಯಿಬಿಟ್ಟು ಕೇಳಿದೆ.